ಅವಿರೋಧ ನಿರ್ಣಯ

ನವೆಂಬರ್ 13, ಗುರುವಾರ. ಬೆಳಿಗ್ಗೆ ಎಂಟೂವರೆಗೆ ನೆಲಮಂಗಲ ಕಡೆಯ ಒಂದು ಠಾಣೆಗೆ ಬಂದ ಹೆಂಗಸು ದೂರು ಬರೆಸುವುದಕ್ಕೆ ಮೊದಲೇ ಕೇಳಿದರು: "ಮೆಂಬರ್ ಅಂದ್ರೆ ಬೇಗ ಹುಡುಕ್ತೀರಾ ಸಾ?"

ಹೆಡ್ ಕಾನ್‌ಸ್ಟೆಬಲ್ ಮುನಿಸ್ವಾಮಿ ತಲೆಯೆತ್ತಿದರು. "ಯಾರಮ್ಮಾ ಮೆಂಬರು? ಕಾಣೆಯಾಗಿರೋರಾ?"

"ಅಲ್ಲ, ನಾನು. ಕಾಣ್ದೇ ಇರೋರು ನಮ್ಮನೆಯೋರು."

ಹೆಸರು ಅಕ್ಕಯಮ್ಮ. ತೋಪಿನಪಾಳ್ಯ ಗ್ರಾಮ ಪಂಚಾಯಿತಿಯ ಸದಸ್ಯೆ. ಗಂಡ ಕೊಂಡಪ್ಪ, ಐವತ್ತಾರು ವರ್ಷ, ರಾಗಿ ಮತ್ತು ಹಿಪ್ಪುನೇರಳೆ ಬೆಳೆಯುವ ರೈತ. ಬುಧವಾರ ಸಂಜೆ ದೀಪ ಹಚ್ಚುವುದಕ್ಕೆ ಮುಂಚೆ ಮೊಪೆಡ್ ಹತ್ತಿ ಹೋದವರು ಹಿಂದಿರುಗಿಲ್ಲ. ಮೊಬೈಲ್ ಸ್ವಿಚ್ ಆಫ್ ಆಗಿದೆ.

ಇನ್‌ಸ್ಪೆಕ್ಟರ್ ಶ್ರೀಧರ್ ಆಕೆಯನ್ನು ಒಳಗೆ ಕರೆಸಿ ಕುರ್ಚಿ ಕೊಡಿಸಿದರು. ಜೊತೆಗೆ ಬಂದಿದ್ದ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮನುಷ್ಯ ಮುಂದೆ ಬಂದು ಎರಡೂ ಕೈಯಿಂದ ಒಂದು ವಿಸಿಟಿಂಗ್ ಕಾರ್ಡ್ ಕೊಟ್ಟ. ಬೈರೇಶ್, ಸ್ಥಳೀಯ ಸಂಪರ್ಕ ಮುಖ್ಯಸ್ಥ, ದಕ್ಷಿಣಪಥ ಟರ್ಮಿನಲ್ಸ್.

"ಕೊಂಡಪ್ಪಣ್ಣ ನಮ್ಮ ದಾಯಾದಿ ಸಾರ್. ನಾನೇ ಕಾರಲ್ಲಿ ಅತ್ತಿಗೇನ ಕರ್ಕೊಂಡ್ಬಂದೆ. ಫೋಟೊ ಎಲ್ಲಾ ಗ್ರೂಪಿಗೂ ಹಾಕ್ಬಿಟ್ಟಿದ್ದೀನಿ."

"ಒಳ್ಳೇದು. ಸ್ವಲ್ಪ ಹೊರಗಿರಿ."

ಬಾಗಿಲು ಮುಚ್ಚಿದ ಮೇಲೆ ಶ್ರೀಧರ್ ಕೇಳಿದರು. "ಜಗಳ ಏನಾದ್ರೂ?"

"ಇಲ್ಲ."

"ಕುಡಿತ?"

"ಹಬ್ಬಕ್ಕೆ."

"ಎಲ್ಲಿಗೆ ಹೋಗ್ತೀನಿ ಅಂದ್ರು?"

"ಪಾಳ್ಯದಮ್ಮನ ಗುಡಿಗೆ. ದಾರ ಬಿಚ್ಚಕ್ಕೆ."

ಅಕ್ಕಯಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದ್ದು ಇಷ್ಟು. ದಕ್ಷಿಣಪಥ ಕಂಪನಿ ತೋಪಿನಪಾಳ್ಯದ ಪಕ್ಕ ಒಣ ಬಂದರು ಕಟ್ಟಲು ಹೊರಟಿದೆ. ಹಡಗಿನಲ್ಲಿ ಬರುವ ಕಂಟೇನರುಗಳನ್ನು ಸಮುದ್ರದ ಬಳಿ ಬಿಚ್ಚದೆ ನೇರವಾಗಿ ಇಲ್ಲಿಗೆ ತಂದು, ಸುಂಕ ಕಟ್ಟಿಸಿ, ಲಾರಿಗೆ ತುಂಬುವ ಜಾಗ. ಜಮೀನು ಖರೀದಿ ಮುಗಿದಿದೆ. ಆದರೆ ಊರಿನಿಂದ ಕೆರೆಗೂ ಅದರಾಚೆಯ ಸ್ಮಶಾನಕ್ಕೂ ಹೋಗುವ ದಾರಿ ಕಂಪನಿಯ ಕಾಂಪೌಂಡಿನ ನಡುವೆ ಬರುತ್ತದೆ. ಅದನ್ನು ಬಿಟ್ಟುಕೊಡಲು ಪಂಚಾಯಿತಿ ನಿರ್ಣಯ ಮಾಡಬೇಕು. ಸಭೆ ಸೋಮವಾರ.

ಅದಕ್ಕಾಗಿ ಕಂಪನಿಯವರು ಕಳೆದ ತಿಂಗಳು ಸದಸ್ಯರನ್ನು ಕರಾವಳಿಯ ಒಂದು ಬಂದರಿಗೆ ಅಧ್ಯಯನ ಪ್ರವಾಸ ಕರೆದೊಯ್ದರು. ಎಸಿ ಬಸ್ಸು, ಹೋಟೆಲು, ಶಾಸಕರ ಜೊತೆ ಊಟ. ಹೊರಡುವ ಬೆಳಿಗ್ಗೆ ಗುಡಿಯಲ್ಲಿ ಎಲ್ಲರೂ ಹಳದಿ ದಾರ ಕಟ್ಟಿ, ನಿರ್ಣಯಕ್ಕೆ ಕೈ ಎತ್ತುತ್ತೇವೆಂದು ಆಣೆ ಮಾಡಿದರು.

"ನೀವೂ ಕಟ್ಟಿದ್ರಾ?"

"ನಾನೆಲ್ಲಿ ಸಾ? ಹೆಂಗಸ್ರು ಮೆಂಬರಾಗಿರೋ ಮನೇಲೆಲ್ಲಾ ಗಂಡಸ್ರೇ ಹೋಗಿದ್ದು, ಅವರೇ ಕಟ್ಟಿದ್ದು. ಸಭೇಲೂ ಅವರೇ ಕೂರೋದು. ನಾನು ಸೈನ್ ಹಾಕಿ ಕಳಿಸ್ತೀನಿ."

"ಮತ್ತೆ ಬಿಚ್ಚೋಕೆ ಯಾಕೆ ಹೋದ್ರು?"

"ಅಲ್ಲಿ ಬಂದರು ಪಕ್ಕದ ಊರಲ್ಲಿ ಒಬ್ಬಳು ಮುದುಕಿ ಗ್ಯಾಸ್ ಸಿಲಿಂಡ್ರು ಇಟ್ಕೊಂಡು ಗೇಟ್ ತಾವ ಕೂತಿದ್ಲಂತೆ. ಪಾಸಿಲ್ದೆ ಅವಳ ಮನೆಗೇ ಬಿಡ್ತಿರ್ಲಿಲ್ಲವಂತೆ. ಅದ ನೋಡಿ ಬಂದ್ಮೇಲೆ ಇವ್ರಿಗೆ ನಿದ್ದೇನೇ ಇಲ್ಲ. 'ನಾಳೆ ನಾನು ಸತ್ರೆ ನನ್ನ ಹೆಣಕ್ಕೂ ಪಾಸ್ ಮಾಡಿಸ್ಬೇಕಾಯ್ತದಲ್ಲೇ' ಅಂತ ಅಂದ್ರು."

ಕೊನೆಯ ಮಾತು ಬಾಯಿಂದ ಬಂದ ಮೇಲೆ ಅವರು ಬೆಚ್ಚಿದರು. ತಾವೇ ಅಪಶಕುನ ನುಡಿದಂತೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

ಕಾಣೆ ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು. ಕಾನ್‌ಸ್ಟೆಬಲ್ ನವ್ಯಶ್ರೀ ದೂರನ್ನು ಓದಿ ಹೇಳಿ ಸಹಿ ಮಾಡಿಸಿಕೊಂಡರು.

*

ಮಧ್ಯಾಹ್ನ ಶ್ರೀಧರ್ ಗುಡಿಗೆ ಹೋದರು. ಊರ ಹೊರಗೆ, ಬೇವಿನ ಮರದ ಕೆಳಗೆ ಚಿಕ್ಕ ಕಲ್ಲಿನ ಕಟ್ಟಡ. ಅದಕ್ಕೆ ಸ್ವಲ್ಪ ಮುಂಚೆ, ದಾರಿಯ ಎಡಕ್ಕೆ, ಕೆಲಸ ನಿಂತು ವರ್ಷಗಳಾದ ಕಲ್ಲು ಕ್ವಾರಿ. ಅದರ ತುಂಬ ಹಸಿರು ನೀರು.

ಪೂಜಾರಿ ಅಪ್ಪಯ್ಯಣ್ಣ ಗರ್ಭಗುಡಿಯ ಕಬ್ಬಿಣದ ಕಂಬಿಗಳನ್ನು ತೋರಿಸಿದರು. ಹಳದಿ ದಾರಗಳು ಸಾಲಾಗಿದ್ದವು.

"ಬಾಗಿಲ ಕಡೆ ಕೊನೇದು ಕೊಂಡಪ್ಪಂದು. ಹಂಗೇ ಐತೆ ನೋಡಿ. ಬುಧವಾರ ಅವನು ಇಲ್ಲಿಗೆ ಬಂದೇ ಇಲ್ಲ."

"ಬೇರೆ ಯಾರಾದ್ರೂ ಬಿಚ್ಚಬಹುದಲ್ಲ?"

"ಛೆ ಛೆ. ಕಟ್ಟಿದೋನೇ ಬಿಚ್ಬೇಕು. ಅದೂ ಸುಮ್ನೆ ಅಲ್ಲ, ಅಮ್ಮನ ಮುಂದೆ ಯಾಕೆ ಬಿಚ್ತೀನಿ ಅಂತ ಬಾಯಿಬಿಟ್ಟು ಹೇಳ್ಬೇಕು."

"ಕಟ್ಟಿದೋನು ಸತ್ತೋದ್ರೆ?"

"ಆವಾಗ ದಾಯಾದಿಗಳು ಬಂದು ಕಡೀತಾರೆ. ಬಿಚ್ಚಂಗಿಲ್ಲ, ಕಡಿಯೋದು. ಇಲ್ದಿದ್ರೆ ಹೋದೋನಿಗೆ ದಾರಿ ಸಿಗಲ್ಲ."

ಶ್ರೀಧರ್ ಕೇಳಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಬಂದರು. ಆಗ ಅದಕ್ಕೆ ವಿಶೇಷ ಬೆಲೆಯೇನೂ ಇರಲಿಲ್ಲ.

ಸಂಜೆ ಹೊತ್ತಿಗೆ ಮೊಪೆಡ್ ಸಿಕ್ಕಿತು. ಅರಿಶಿನಕುಂಟೆಯ ಬಳಿ, ಹೆದ್ದಾರಿಯ ಬಸ್ ನಿಲ್ದಾಣದ ಹಿಂದೆ ನಿಲ್ಲಿಸಿತ್ತು. ಬೆಂಗಳೂರಿನ ಬಸ್ಸು ಹತ್ತಿ ಹೋಗಿರಬಹುದು ಎಂದು ನೋಡಿದವರೆಲ್ಲ ಹೇಳಿದರು. ಎದುರಿನ ಟೈರ್ ಅಂಗಡಿಯ ಸಿಸಿಟಿವಿಯಲ್ಲಿ ಬುಧವಾರ ಸಂಜೆಯ ದೃಶ್ಯವಿತ್ತು. ಒಬ್ಬಾತ ಮೊಪೆಡ್ ನಿಲ್ಲಿಸಿ, ತಲೆ ತಗ್ಗಿಸಿ, ಕ್ಯಾಮೆರಾದಿಂದ ಆಚೆಗೆ ನಡೆದು ಹೋಗುತ್ತಾನೆ. ತಲೆಯ ಮೇಲೆ ಮುಖ ಮುಚ್ಚುವ ಕಪ್ಪು ಹೆಲ್ಮೆಟ್.

ನವ್ಯಶ್ರೀ ದೃಶ್ಯವನ್ನು ತಮ್ಮ ಮೊಬೈಲಿನಲ್ಲಿ ಅಕ್ಕಯಮ್ಮನಿಗೆ ತೋರಿಸಿದರು.

"ಹೆಲ್ಮೆಟ್ಟಾ?" ಎಂದರು ಅಕ್ಕಯಮ್ಮ. "ನಮ್ಮನೇಲಿ ಹೆಲ್ಮೆಟ್ಟೇ ಇಲ್ಲ ಕಣವ್ವ. ನಿಮ್ಮೋರೇ ಎಷ್ಟು ಸಲ ಫೈನ್ ಹಾಕವ್ರೆ, ಆದ್ರೂ ತಗಳ್ಲಿಲ್ಲ."

ಮುನಿಸ್ವಾಮಿ ತಗ್ಗಿದ ದನಿಯಲ್ಲಿ ಹೇಳಿದರು: "ಗಾಡಿ ಬಂದೈತೆ ಸಾರ್. ಯಜಮಾನ ಬಂದಿಲ್ಲ."

*

ಶುಕ್ರವಾರ ಬೆಳಿಗ್ಗೆ ಡಿವೈಎಸ್‌ಪಿ ಉಮಾಶಂಕರ್ ಅವರ ಫೋನು. "ಶ್ರೀಧರ್, ಶಾಸಕರ ಕಚೇರಿಯಿಂದ ಕೇಳಿದ್ರು. ಸೋಮವಾರದ ಸಭೆಗೂ ಇದಕ್ಕೂ ಗಂಟು ಹಾಕ್ಬೇಡಿ ಅಂತಾರೆ. ನಿಮಗೇನನ್ಸುತ್ತೆ?"

"ಗಂಟು ನಾನು ಹಾಕ್ತಿಲ್ಲ ಸಾರ್. ಹಾಕಿರೋದನ್ನ ನೋಡ್ತಿದ್ದೀನಿ."

ಉಮಾಶಂಕರ್ ದನಿ ತಗ್ಗಿಸಿದರು. "ನೋಡಿ. ಆದ್ರೆ ಸದ್ದಿಲ್ದೆ."

ಅದೇ ದಿನ ಕರೆ ವಿವರ ಬಂತು. ಕೊಂಡಪ್ಪ ಕೊನೆಯದಾಗಿ ಮಾತಾಡಿದ್ದು ಬೈರೇಶನ ಜೊತೆ. ಶ್ರೀಧರ್ ಅವನನ್ನು ಕಂಪನಿಯ ತಾತ್ಕಾಲಿಕ ಕಚೇರಿಯಲ್ಲೇ ಭೇಟಿಯಾದರು. ಮೇಜಿನ ಮೇಲೆ ಒಣ ಬಂದರಿನ ಮಾದರಿ ಇತ್ತು: ಬೆಂಕಿಪೆಟ್ಟಿಗೆಯಷ್ಟು ಕಂಟೇನರುಗಳು, ಆಟಿಕೆಯ ರೈಲು, ಪ್ಲಾಸ್ಟಿಕ್ ಮರಗಳು. ಕೆರೆಯ ದಾರಿ ಇರಬೇಕಾದ ಜಾಗದಲ್ಲಿ ಹಸಿರು ಹುಲ್ಲುಹಾಸು ಅಂಟಿಸಿದ್ದರು. ಗೋಡೆಯ ಮೇಲೆ ಸಚಿವರ ಪಕ್ಕ, ಶಾಸಕರ ಪಕ್ಕ, ಉದ್ಯಮ ಒಕ್ಕೂಟದ ಅಧ್ಯಕ್ಷರ ಪಕ್ಕ ಕಂಪನಿಯವರು ನಿಂತ ಚಿತ್ರಗಳು. ಒಂದರಲ್ಲಿ, ಅಂಚಿನಲ್ಲಿ, ಅರ್ಧ ಭುಜ ಕತ್ತರಿಸಿಹೋಗಿದ್ದ ಬೈರೇಶ.

"ಬುಧವಾರ ಕೊಂಡಪ್ಪ ಏನಂದ್ರು?"

"ಸಭೆ ಎಷ್ಟೊತ್ತಿಗೆ ಅಂತ ಕೇಳಿದ್ರು ಸಾರ್. ಹನ್ನೊಂದಕ್ಕೆ ಅಂದೆ."

"ಅಷ್ಟೇ?"

"ಅಷ್ಟೇ."

"ಅವರ ಮನಸ್ಸು ಬದಲಾಗಿತ್ತು ಅಂತ ಗೊತ್ತಿತ್ತಾ?"

"ಇಲ್ವಲ್ಲ ಸಾರ್. ನಮ್ಮಣ್ಣ ಮಾತು ಕೊಟ್ರೆ ಮುಗೀತು."

ಒಳಗಿನ ಕೋಣೆಯಿಂದ ಕಂಪನಿಯ ಸರ್ಕಾರಿ ವ್ಯವಹಾರಗಳ ಮುಖ್ಯಸ್ಥ ಆನಂದ್ ಬಂದರು. ನಲವತ್ತರ ಆಸುಪಾಸು, ಮೆದು ಮಾತು.

"ನಾವು ಎಲ್ಲವನ್ನೂ ಕಾನೂನಿನ ಚೌಕಟ್ಟಿನಲ್ಲೇ ಮಾಡ್ತೀವಿ ಸರ್. ಜನಪ್ರತಿನಿಧಿಗಳಿಗೆ ಯೋಜನೆ ಅರ್ಥ ಮಾಡಿಸೋದು, ಅವರ ಸಲಹೆ ಕೇಳೋದು. ಪ್ರವಾಸ ಅದರ ಒಂದು ಭಾಗ."

"ದಾರ ಕಟ್ಸಿದ್ದು?"

ಆನಂದ್ ಬೈರೇಶನ ಕಡೆ ನೋಡಿದರು. "ಅದು ಸ್ಥಳೀಯರ ಪದ್ಧತಿ. ನನಗದರ ಬಗ್ಗೆ ಮಾಹಿತಿ ಇಲ್ಲ."

ಬೈರೇಶ ನೆಲ ನೋಡಿದ. ಶ್ರೀಧರ್ ಗಮನಿಸಿದರು. ಆದರೆ ನೆಲ ನೋಡಿದ ತಪ್ಪಿಗೆ ಯಾರನ್ನೂ ಬಂಧಿಸುವಂತಿಲ್ಲ. ಗುಡಿ, ಊರು, ಕ್ವಾರಿ ಎಲ್ಲವೂ ಒಂದೇ ಮೊಬೈಲ್ ಗೋಪುರದ ಕೆಳಗೆ ಬರುತ್ತಿದ್ದುದರಿಂದ ಆ ಕರೆಯ ಹೊತ್ತಿನಲ್ಲಿ ಅವನು ಎಲ್ಲಿದ್ದನೆಂದು ಕರೆ ವಿವರ ಹೇಳುವಂತಿರಲಿಲ್ಲ.

*

ಶನಿವಾರ ಬೆಳಿಗ್ಗೆ ಶ್ರೀಧರ್ ಮತ್ತೆ ತೋಪಿನಪಾಳ್ಯಕ್ಕೆ ಹೊರಟರು. ಮನೆಯಿಂದ ಗುಡಿಯವರೆಗಿನ ದಾರಿಯನ್ನು ನಡೆದೇ ನೋಡಬೇಕೆಂಬುದು ಅವರ ಯೋಚನೆ. ಮುನಿಸ್ವಾಮಿ ಜೊತೆಗಿದ್ದರು.

ಗುಡಿಯ ಅಂಗಳದಲ್ಲಿ ಕೂತಿದ್ದ ಅಪ್ಪಯ್ಯಣ್ಣ ಎದ್ದು ಬಂದು ಇಬ್ಬರಿಗೂ ಕೈಮುಗಿದರು. "ಎಲ್ಲಿ ಸಿಕ್ಕಿದ ಸ್ವಾಮಿ, ಪುಣ್ಯಾತ್ಮ? ಹೆಣ ಯಾವಾಗ ಕೊಡ್ತೀರಾ?"

ಶ್ರೀಧರ್ ನಿಂತಲ್ಲೇ ನಿಂತರು. "ಯಾರ ಹೆಣ?"

"ಕೊಂಡಪ್ಪಂದು."

"ಅವರು ಸತ್ತಿದ್ದಾರೆ ಅಂತ ಯಾರು ಹೇಳಿದ್ರು?"

ಪೂಜಾರಿಯ ಮುಖ ಬಿಳಿಚಿಕೊಂಡಿತು. "ನಿನ್ನೆ ಬೆಳಿಗ್ಗೆ ಬೈರೇಶ ಬಂದಿದ್ನಲ್ಲ. ಸ್ನಾನ ಮಾಡ್ಕೊಂಡು, ಒದ್ದೆ ಬಟ್ಟೇಲಿ. ನಿಂಬೆಹಣ್ಣು ಕುಯ್ಯೋ ಚಾಕು ಈಸ್ಕೊಂಡು ಆ ದಾರ ಕಡಿದ. 'ಹೋಗ್ಬಿಟ್ನೇನೋ?' ಅಂದೆ. ಬಾಯಿ ಬಿಡ್ಲಿಲ್ಲ, ಗಳಗಳಾ ಅಂತ ಅತ್ತ. ಪೊಲೀಸ್ನೋರಿಗೆ ಹೆಣ ಸಿಕ್ಕೈತೆ, ಮನೆಯೋರು ಕಳಿಸವ್ರೆ ಅಂದ್ಕೊಂಡೆ."

ಬಾಗಿಲ ಕಡೆಯ ಕೊನೆಯ ಕಂಬಿ ಬರಿದಾಗಿತ್ತು.

ಮುನಿಸ್ವಾಮಿ ಟೊಪ್ಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು. "ಸಾರ್, ನಾವಿನ್ನೂ ಹುಡುಕ್ತಾನೇ ಇದ್ದೀವಿ. ಇವನು ಆಗ್ಲೇ ಕರ್ಮ ಮಾಡ್ಬಿಟ್ಟವ್ನೆ."

ಅಪ್ಪಯ್ಯಣ್ಣನ ಹೇಳಿಕೆಯನ್ನು ಅಲ್ಲೇ ಬರೆದುಕೊಂಡು, ಪಂಚರ ಸಮಕ್ಷಮ ಚಾಕುವನ್ನು ಜಪ್ತಿ ಮಾಡಿದರು.

ಬೈರೇಶನನ್ನು ಠಾಣೆಗೆ ಕರೆಸಿದಾಗ ಹನ್ನೆರಡು ದಾಟಿತ್ತು. ಅವನು ಬಂದವನೇ ಕುರ್ಚಿ ಎಳೆದುಕೊಂಡು, "ಏನಾದ್ರೂ ಸುಳಿವು ಸಿಕ್ತಾ ಸಾರ್?" ಎಂದ.

"ನಿನ್ನೆ ಬೆಳಿಗ್ಗೆ ಎಲ್ಲಿದ್ದೆ?"

ಏಕವಚನ ಕೇಳಿ ಬೈರೇಶ ಬೆನ್ನು ನೆಟ್ಟಗೆ ಮಾಡಿಕೊಂಡ. "ಮನೇಲಿ."

"ಗುಡಿಗೆ ಹೋಗಿಲ್ವಾ?"

"ಹೋಗಿದ್ದೆ. ಅಣ್ಣ ಸಿಗ್ಲಿ ಅಂತ ಕೈಮುಗಿಯೋಕೆ."

"ಸಿಗ್ಲಿ ಅನ್ನೋರು ದಾರ ಕಡೀತಾರಾ?"

ಬೈರೇಶ ಅಂಗಿಯ ತೋಳು ಎಳೆದುಕೊಂಡ.

"ಬದುಕಿರೋನ ದಾರ ಕಡೀತಾರೇನೋ ನಿಮ್ಮೂರಲ್ಲಿ?"

"ಇಲ್ಲ."

"ಮತ್ತೆ?"

ಬೈರೇಶ ಮೇಜಿನ ಅಂಚನ್ನು ಉಗುರಿನಿಂದ ಕೆರೆಯತೊಡಗಿದ. ಕೊನೆಗೆ, ತನಗೆ ತಾನೇ ಹೇಳಿಕೊಳ್ಳುವವನ ಹಾಗೆ ಹೇಳಿದ: "ಹಂಗೇ ಬಿಡಬಾರ್ದು ಸಾರ್. ಕಟ್ಟಿದ್ದು ಕಟ್ಟಿದಂಗೇ ಇದ್ರೆ ಅವನು ಅಲ್ಲೇ ನಿಂತ್ಬಿಡ್ತಾನೆ. ಬೇರೆ ದಾಯಾದಿ ಯಾರವ್ರೆ ಅವನಿಗೆ? ನಾನೊಬ್ನೇ."

"ಅಲ್ಲೇ ಅಂದ್ರೆ ಎಲ್ಲಿ?"

"ಕ್ವಾರೀಲಿ."

ಅಗ್ನಿಶಾಮಕ ದಳದ ಮುಳುಗು ತಜ್ಞರು ಸಂಜೆ ನಾಲ್ಕರ ಹೊತ್ತಿಗೆ ಕೊಂಡಪ್ಪನ ಶವವನ್ನು ಮೇಲೆತ್ತಿದರು. ತಲೆಯ ಹಿಂಬದಿಗೆ ಕಲ್ಲು ತಗುಲಿದ ಪೆಟ್ಟು ಇತ್ತು. ತಹಶೀಲ್ದಾರರ ಕಚೇರಿಯ ಸಿಬ್ಬಂದಿಯನ್ನೂ ಪಂಚರನ್ನೂ ನಿಲ್ಲಿಸಿಕೊಂಡು ಶವ ಪಂಚನಾಮೆ ಬರೆದರು. ಕಾಣೆ ಪ್ರಕರಣಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕೊಲೆ ಮತ್ತು ಸಾಕ್ಷ್ಯನಾಶದ ಕಲಂಗಳು ಸೇರಿದವು. ಸಂಜೆ ಆರಕ್ಕೆ ಬೈರೇಶನ ಬಂಧನವಾಯಿತು.

ಅಕ್ಕಯಮ್ಮ ಕ್ವಾರಿಯ ದಂಡೆಯಲ್ಲಿ ನವ್ಯಶ್ರೀಯ ಕೈ ಹಿಡಿದು ನಿಂತಿದ್ದರು. ಜೀಪಿನಲ್ಲಿ ಕೂತ ಬೈರೇಶನನ್ನು ಅವರು ಬಹಳ ಹೊತ್ತು ನೋಡಿದರು.

"ನನ್ನ ಠಾಣೆಗೆ ಕರ್ಕೊಂಡೋದೆಯಲ್ಲಾ," ಎಂದರು. "ದಾರಿ ಉದ್ದಕ್ಕೂ ಧೈರ್ಯ ಹೇಳ್ಕೊಂಡು."

ಬೈರೇಶ ಮುಖ ತಿರುಗಿಸಿಕೊಂಡ.

*

ಅವನ ಹೇಳಿಕೆಯಲ್ಲಿ ಸುತ್ತುಬಳಸು ಇರಲಿಲ್ಲ. ಬುಧವಾರ ಕೊಂಡಪ್ಪನೇ ಫೋನ್ ಮಾಡಿದ್ದ. "ನಿನ್ನ ಬೆನ್ನ ಹಿಂದೆ ಮಾಡೋದು ಬೇಡ ಕಣೋ, ನಿನ್ನೆದುರಿಗೇ ಬಿಚ್ತೀನಿ, ಬಾ" ಎಂದಿದ್ದ. ಬೈರೇಶ ಕ್ವಾರಿಯ ಬಳಿ ಅಡ್ಡ ನಿಂತು ಬೇಡಿಕೊಂಡ. ಕೈ ಮುಗಿದ. ಕೊಂಡಪ್ಪ ನಕ್ಕು, "ಲೇ, ಅವರ ಬಸ್ಸಿಗೆ ಜನ ಹತ್ಸೋ ಕೆಲಸ ಬಿಟ್ರೆ ನಿನಗೇನ್ಲಾ ಗೊತ್ತು?" ಎಂದ. ಬೈರೇಶ ತಳ್ಳಿದ. ಒಂದೇ ಸಲ. ಆಮೇಲೆ ಮೊಬೈಲನ್ನು ನೀರಿಗೆಸೆದ. ತನ್ನ ಬೈಕಿನ ಹೆಲ್ಮೆಟ್ ಹಾಕಿಕೊಂಡು ಮೊಪೆಡ್ಡನ್ನು ಅರಿಶಿನಕುಂಟೆಗೆ ಕೊಂಡೊಯ್ದು ಬಿಟ್ಟ.

"ಕಾಂಟ್ರಾಕ್ಟ್ ಕೊಡ್ತೀನಿ ಅಂದಿದ್ರಾ?" ಶ್ರೀಧರ್ ಕೇಳಿದರು.

"ಲಾರಿ ಪಾರ್ಕಿಂಗು ನೋಡ್ಕೊಳ್ಳೋದು ಸಿಗ್ತಿತ್ತು. ಅದಲ್ಲ ಸಾರ್." ಅವನು ಮಾತು ಹುಡುಕಿದ. "ನಾನು ಎಷ್ಟೋ ವರ್ಷ ಲೀಡರುಗಳ ಹಿಂದೆ ತಿರುಗಿದೀನಿ. ಫ್ಲೆಕ್ಸ್ ಕಟ್ಟಿದೀನಿ, ಜನ ತುಂಬಿದೀನಿ. ಎಲ್ಲರೂ 'ಲೇ ಬೈರ' ಅಂತಾನೇ ಕೂಗ್ತಿದ್ದಿದ್ದು. ಆನಂದ್ ಸಾರ್ ಒಬ್ರು ಬೈರೇಶ್ ಅವರೇ ಅಂದ್ರು. ಕಾರ್ಡ್ ಮಾಡಿಸ್ಕೊಟ್ರು. 'ಅವಿರೋಧ ಆಗ್ಬೇಕು, ಒಬ್ರು ವಿರೋಧ ಅಂದ್ರೂ ಯೋಜನೆ ಹೊಸಕೋಟೆ ಕಡೆ ಹೋಗ್ಬಿಡುತ್ತೆ, ನಿಮ್ಮ ಮೇಲೇ ನಂಬಿಕೆ' ಅಂದ್ರು. ನಾನು ಆಗುತ್ತೆ ಅಂದಿದ್ದೆ."

ಮಾರನೆಯ ದಿನ ಕಂಪನಿಯಿಂದ ಠಾಣೆಗೆ ಇಮೇಲ್ ಬಂತು. ಬೈರೇಶ್ ಎಂಬುವವರು ಸಂಸ್ಥೆಯ ನೌಕರರಲ್ಲ, ಅಂಥ ಹುದ್ದೆಯೇ ಸಂಸ್ಥೆಯಲ್ಲಿಲ್ಲ ಎಂದು ಅದರಲ್ಲಿತ್ತು. ಅವನ ಮನೆಯಲ್ಲಿ ಜಪ್ತಿಯಾದ ವಸ್ತುಗಳಲ್ಲಿ ಕಪ್ಪು ಹೆಲ್ಮೆಟ್ಟಿನ ಜೊತೆಗೆ ವಿಸಿಟಿಂಗ್ ಕಾರ್ಡುಗಳ ಒಂದು ಡಬ್ಬಿಯೂ ಇತ್ತು. ಹಂಚಿದ್ದಕ್ಕಿಂತ ಉಳಿದಿದ್ದೇ ಹೆಚ್ಚು.

ಮುಂದೂಡಿದ ಸಭೆ ನವೆಂಬರ್ ಕೊನೆಯ ವಾರ ನಡೆಯಿತು. ಶ್ರೀಧರ್ ಬಂದೋಬಸ್ತಿಗೆ ಬಂದಿದ್ದರು. ಅಕ್ಕಯಮ್ಮ ಮೊದಲ ಸಲ ಪಂಚಾಯಿತಿ ಸಭಾಂಗಣದ ಒಳಗೆ, ಗಂಡ ಕೂರುತ್ತಿದ್ದ ಕುರ್ಚಿಯಲ್ಲಿ ಕೂತರು. ಉಳಿದ ಸದಸ್ಯೆಯರ ಗಂಡಂದಿರು ಒಬ್ಬರ ಮುಖ ಒಬ್ಬರು ನೋಡಿ, ಎದ್ದು ಕಿಟಕಿಯ ಹೊರಗೆ ನಿಂತರು. ಒಳಗೆ ಕೂತ ಹೆಂಗಸರು ಕಿಟಕಿ ನೋಡಿ ನೋಡಿ ಕೈ ಎತ್ತಿದರು.

ಅಧ್ಯಕ್ಷ ಕೆಂಪರಾಜ್ ಮೆಲ್ಲಗೆ ಹೇಳಿದರು: "ಅಕ್ಕಯಮ್ಮೋರೆ, ಕೊಂಡಪ್ಪ ದಾರ ಕಟ್ಟಿದ್ದ. ಅಮ್ಮನ ಆಣೆ."

"ಅವರು ಕಟ್ಟಿದ್ದನ್ನ ಕಡಿದಾಯ್ತಲ್ಲ," ಎಂದರು ಅಕ್ಕಯಮ್ಮ. "ನಾನು ಯಾವತ್ತೂ ಕಟ್ಟಿರ್ಲಿಲ್ಲ. ನನ್ನದು ವಿರೋಧ ಅಂತ ಬರ್ಕಳಿ."

ಪಿಡಿಓ ಬರೆದುಕೊಂಡರು. ಬಳಿಕ ಗಂಟಲು ಸರಿಮಾಡಿಕೊಂಡು, ನಿರ್ಣಯ ಬಹುಮತದಿಂದ ಅಂಗೀಕಾರವಾಗಿದೆ ಎಂದು ಓದಿದರು.

ಹೊರಗೆ ಕಾರಿನ ಬಳಿ ನಿಂತಿದ್ದ ಆನಂದ್ ಅವರನ್ನು ಶ್ರೀಧರ್ ಕೇಳಿದರು. "ಒಬ್ರು ವಿರೋಧ ಇದ್ರೂ ನಡೆಯುತ್ತಾ?"

"ಕಾನೂನಿನ ಪ್ರಕಾರ ಬಹುಮತ ಸಾಕು ಸರ್. ಅವಿರೋಧ ಅಂತಿದ್ರೆ ಮೇಲಿನ ಸಮಿತಿ ಮುಂದೆ ಚೆನ್ನಾಗಿ ಕಾಣಿಸುತ್ತೆ, ಅಷ್ಟೇ."

"ಹೊಸಕೋಟೆಗೆ ಹೋಗುತ್ತೆ ಅಂದಿದ್ರಂತೆ?"

ಆನಂದ್ ಕನ್ನಡಕ ತೆಗೆದು ಒರೆಸಿಕೊಂಡರು. "ಕೆಲಸ ಮಾಡೋರಿಗೆ ಏನಾದ್ರೂ ಒಂದು ಗುರಿ ಕೊಡ್ಬೇಕಲ್ಲ ಸರ್."

ಇದಕ್ಕೆ ಯಾವ ಕಲಂ ಹಾಕಬಹುದೆಂದು ಶ್ರೀಧರ್ ಯೋಚಿಸಿದರು. ಸಾಕ್ಷಿಯಾಗಿ ಹೇಳಿಕೆ ಪಡೆಯಬಹುದಿತ್ತು. ಪಡೆದರು.

ನ್ಯಾಯಾಂಗ ಬಂಧನ ವಿಸ್ತರಣೆಗೆ ಬೈರೇಶನನ್ನು ನೆಲಮಂಗಲದ ನ್ಯಾಯಾಲಯಕ್ಕೆ ಕರೆತಂದ ದಿನ, ಕಾರಿಡಾರಿನ ಬೆಂಚಿನಿಂದ ಅವನು ಶ್ರೀಧರ್ ಅವರನ್ನು ಕೂಗಿದ. ಇಸ್ತ್ರಿಯಿಲ್ಲದ ಅಂಗಿ, ಬೆಳೆದ ಗಡ್ಡ.

"ಸಭೆ ಆಯ್ತಾ ಸಾರ್?"

"ಆಯ್ತು."

"ಅತ್ತಿಗೆ?"

"ವಿರೋಧ ಬರೆಸಿದ್ರು."

ಬೈರೇಶ ಕಣ್ಣು ಮುಚ್ಚಿದ. "ಹಂಗಾದ್ರೆ ಹೋಯ್ತು. ಹೊಸಕೋಟೆಗೆ ಹೋಯ್ತು."

"ಇಲ್ಲ. ಇಲ್ಲೇ ಆಗುತ್ತೆ. ನಿರ್ಣಯ ಪಾಸಾಯ್ತು. ಬಹುಮತ ಸಾಕು ಅದಕ್ಕೆ. ಮೊದಲಿನಿಂದ್ಲೂ ಸಾಕಾಗಿತ್ತು."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಪಕ್ಕದಲ್ಲಿದ್ದ ಕಾನ್‌ಸ್ಟೆಬಲ್ ಬೇರೆ ಕಡೆ ನೋಡಿದ.

"ಅದನ್ನ ನನಗ್ಯಾರೂ ಹೇಳ್ಲಿಲ್ವಲ್ಲ ಸಾರ್," ಎಂದ ಬೈರೇಶ.

ಒಳಗಿನಿಂದ ಅವನ ಹೆಸರು ಕೂಗಿದರು. ತಂದೆಯ ಹೆಸರಿನೊಂದಿಗೆ, ಊರಿನೊಂದಿಗೆ, ಪೂರ್ತಿಯಾಗಿ. ಬೈರೇಶ ಅಂಗಿಯ ಕಾಲರ್ ಸರಿಮಾಡಿಕೊಂಡು ಎದ್ದು ನಿಂತ.